ವಿಹಾರ ಸರೋವರಗಳ ಕಟ್ಟೆಗಳೂ ಸಾರ್ವಜನಿಕ ಕ್ಷೇಮವೂ

ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ನಮ್ಮ ಪೂರ್ವಿಕರು ಎಣಿಸಿದ್ದರು. ಕಟ್ಟಿಸಿದ್ದನ್ನು ಕಾಪಾಡುವ ವಿಷಯದಲ್ಲಿಯೂ ಅವರಿಗೆ ಅಷ್ಟೇ ಕಾಳಜಿಯಿತ್ತು. ದಾನಕ್ಕಿಂತ ಪಾಲನೆಯೇ ಮಿಗಿಲೆಂಬ ಅಭಿಪ್ರಾಯವು ನಮ್ಮ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವುದನ್ನು ಸಂಶೋಧಕರೆಲ್ಲರೂ ಬಲ್ಲರು. ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ದತ್ತಿಗಳು ಹುಟ್ಟಿಕೊಂಡದ್ದು ಈ ಪಾಲನೆಗಾಗಿಯೇ. ಏರಿಗೆ ಮಣ್ಣು ಹಾಕುವವನು ಯಾರು, ತೂಬನ್ನು ಎತ್ತುವವನು ಯಾರು, ಹೂಳನ್ನು ತೆಗೆಸುವ ಖರ್ಚು ಯಾವ ಭೂಮಿಯ ಹುಟ್ಟುವಳಿಯಿಂದ ಬರತಕ್ಕದ್ದು ಎಂಬುದು ಹಲವೆಡೆ ಕಲ್ಲಿನ ಮೇಲೆಯೇ ನಿರ್ಧಾರವಾಗಿತ್ತು.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಅರಸು ಒಂದನೆಯ ಬುಕ್ಕನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ದೊಡ್ಡ ಕೆರೆಯೊಂದಿದೆ. ಶಕ ೧೨೯೧, ಎಂದರೆ ಕ್ರಿ. ಶ. ೧೩೬೯ರ ಅಲ್ಲಿನ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನೂ ನುರಿತ ಕೆಲಸಗಾರರೂ ಇರಬೇಕೆಂಬುದು ಅಂಗಗಳಲ್ಲಿ ಸೇರಿದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ಚೌಳು ನೆಲ ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದನ್ನೂ ಆ ಶಾಸನವು ದೋಷಗಳ ಪಟ್ಟಿಯಲ್ಲಿಯೇ ಸೇರಿಸಿರುವುದು ಗಡಿನಾಡಿನವರಾದ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯತಕ್ಕ ಸಂಗತಿ. ಮಣ್ಣು, ಕಲ್ಲು, ನೀರುಗಳ ಜೊತೆಗೆ ಅಧಿಕಾರದ ಪ್ರಶ್ನೆಯನ್ನೂ ಎಣಿಕೆಗೆ ತೆಗೆದುಕೊಂಡ ಆ ಶಾಸನಕಾರನ ಅನುಭವ ದೊಡ್ಡದು. ಇಬ್ಬರ ನಡುವೆ ಇರುವ ಕೆರೆಯನ್ನು ಇಬ್ಬರೂ ಕೈಬಿಡುವುದುಂಟು.

ಈ ಮಾತಿನ ಸತ್ಯವನ್ನು ತೋರಿಸುವ ನಿದರ್ಶನವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದ ಇತಿಹಾಸದಲ್ಲಿ ಸಿಕ್ಕುತ್ತದೆ. ೧೮೮೯ನೆಯ ಇಸವಿ ಮೇ ೩೧ರಂದು ಅಲ್ಲಿ ಒಡೆದುಹೋದ ಸೌತ್ ಫೋರ್ಕ್ ಕಟ್ಟೆಯು ಶ್ರೀಮಂತರ ಕ್ಲಬ್ಬೊಂದರ ಸ್ವತ್ತು. ಮೀನು ಹಿಡಿಯುವುದಕ್ಕೂ ದೋಣಿವಿಹಾರಕ್ಕೂ ಇಟ್ಟುಕೊಂಡಿದ್ದ ಸರೋವರದ ಕಟ್ಟೆ. ಅದು ಒಡೆದು ೨,೨೦೯ ಜನ ಸತ್ತರು. ಈ ಅನಾಹುತಕ್ಕೆ ಮಳೆಯಷ್ಟೇ ಕಾರಣವೆ, ಇಲ್ಲವೆ ಬೇರೆ ಕಾರಣಗಳೂ ಇದ್ದುವೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧. ಕಟ್ಟೆಯ ಹುಟ್ಟು

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೆನ್ಸಿಲ್ವೇನಿಯ ಸರಕಾರವು ಪೂರ್ವದ ಫಿಲಡೆಲ್ಫಿಯದಿಂದ ಪಶ್ಚಿಮದ ಪಿಟ್ಸ್‌ಬರ್ಗಿನವರೆಗೆ ಕಾಲುವೆ ಹಾಗೂ ರೈಲುಗಳನ್ನು ಜೋಡಿಸಿ ಒಂದು ಸಾರಿಗೆ ಮಾರ್ಗವನ್ನು ನಿರ್ಮಿಸಿತು. ಅಲೆಘೆನಿ ಬೆಟ್ಟಗಳನ್ನು ದಾಟಿ ಬಂದ ಸರಕು ಜಾನ್ಸ್‌ಟೌನ್ ಎಂಬ ಊರಿನಲ್ಲಿ ಮತ್ತೆ ದೋಣಿ ಸೇರುತ್ತಿತ್ತು. ಬೇಸಗೆಯಲ್ಲಿ ಅಲ್ಲಿಂದ ಮುಂದಿನ ಕಾಲುವೆಗೆ ನೀರು ಸಾಲುತ್ತಿರಲಿಲ್ಲ. ಈ ಕೊರತೆಯನ್ನು ತುಂಬಲು ಊರಿನಿಂದ ೧೪ ಮೈಲಿ ಮೇಲೆ, ಲಿಟ್ಲ್ ಕಾನೆಮಾ ನದಿಯ ಸೌತ್ ಫೋರ್ಕ್ ಎಂಬ ಕವಲಿಗೆ ಅಡ್ಡಲಾಗಿ ಸರಕಾರವು ಮಣ್ಣಿನ ಏರಿಯೊಂದನ್ನು ಹಾಕಿಸಿತು. ಹಣದ ಅಡಚಣೆಯಿಂದ ಕೆಲಸ ನಡುವೆ ನಿಂತು, ೧೮೫೩ರಲ್ಲಿ ಪೂರ್ತಿಯಾಯಿತು.

ಏರಿಯ ಎತ್ತರ ೭೨ ಅಡಿ. ಉದ್ದ ೯೦೦ ಅಡಿಗೂ ಹೆಚ್ಚು. ಜೇಡಿಮಣ್ಣನ್ನು ಪದರ ಪದರವಾಗಿ ಹಾಸಿ, ನೀರು ಹಾಯಿಸಿ ಗಟ್ಟಿಮಾಡಿ, ಹೊರಮೈಗೆ ಕಲ್ಲು ಹೊದಿಸಿದ್ದರು. ಒಂದು ಪಕ್ಕದಲ್ಲಿ ಬಂಡೆಯನ್ನು ಕಡಿದು ಕೋಡಿ ಮಾಡಿದ್ದರು. ಏರಿಯ ತಳದಲ್ಲಿ ಕಲ್ಲಿನ ಮೋರಿಯೊಳಗೆ ಐದು ಎರಕದ ಕಬ್ಬಿಣದ ಕೊಳವೆಗಳಿದ್ದುವು. ಬೇಕಾದಾಗ ನೀರನ್ನು ಕೆಳಕ್ಕೆ ಬಿಡಲು ಇವೇ ತೂಬು. ಕೋಡಿಯು ತಾನಾಗಿ ಹರಿಯುವ ದಾರಿ, ತೂಬು ಮನುಷ್ಯನು ತೆರೆಯುವ ದಾರಿ. ಮಣ್ಣಿನ ಏರಿಗೆ ಇವೆರಡೂ ಪ್ರಾಣ. ಏರಿಯ ನೆತ್ತಿಯ ಮೇಲೆ ನೀರು ಹತ್ತಿ ಹರಿಯತೊಡಗಿದರೆ ಮಣ್ಣು ಕೊರೆದುಹೋಗಿ, ಏರಿ ಬಹಳ ಹೊತ್ತು ನಿಲ್ಲಲಾರದೆಂಬುದನ್ನು ನಮ್ಮ ಹಳ್ಳಿಯ ನೀರುಗಂಟಿಯೂ ಬಲ್ಲ.

೨. ಕೈ ಬದಲಾದುದು

ಕಟ್ಟೆ ಮುಗಿಯುವ ಹೊತ್ತಿಗೆ ಅದರ ಅವಶ್ಯಕತೆಯೂ ಮುಗಿದಿತ್ತು. ೧೮೫೨ರಲ್ಲಿಯೇ ಪೆನ್ಸಿಲ್ವೇನಿಯ ರೈಲ್ವೆಯು ಪಿಟ್ಸ್‌ಬರ್ಗನ್ನು ತಲುಪಿ, ಕಾಲುವೆಯ ವ್ಯಾಪಾರವು ಕುಗ್ಗಿತು. ೧೮೫೭ರಲ್ಲಿ ಸರಕಾರವು ಇಡೀ ಮಾರ್ಗವನ್ನು ೭೫ ಲಕ್ಷ ಡಾಲರಿಗೆ ಅದೇ ರೈಲ್ವೆ ಕಂಪನಿಗೆ ಮಾರಿತು. ರೈಲ್ವೆಗೆ ಈ ಕಟ್ಟೆ ಬೇಕಾಗಿರಲಿಲ್ಲ. ವ್ಯಾಪಾರದೊಡನೆ ಬಂದ ಅನವಶ್ಯಕ ಸಾಮಾನಿನಂತೆ ಅದು ಬಿದ್ದಿತ್ತು. ೧೮೬೨ರಲ್ಲಿ ತಳದ ಮೋರಿ ಕುಸಿದು ಏರಿ ಒಡೆಯಿತು. ಆಗ ಸರೋವರದಲ್ಲಿ ನೀರು ಕಡಿಮೆಯಿದ್ದುದರಿಂದ ಕೆಳಗೆ ಹೆಚ್ಚು ಹಾನಿಯಾಗಲಿಲ್ಲ. ಏನೂ ಆಗಲಿಲ್ಲವೆಂಬ ಈ ನೆನಪೇ ಮುಂದೆ ಜನರಿಗೆ ತಪ್ಪು ಧೈರ್ಯವನ್ನು ಕೊಟ್ಟಿರಬೇಕು.

೧೮೭೫ರಲ್ಲಿ ಜಾನ್ ರೈಲಿ ಎಂಬ ಕಾಂಗ್ರೆಸ್ ಸದಸ್ಯನು ಇದನ್ನು ಕೊಂಡು, ತಳದ ಕಬ್ಬಿಣದ ಕೊಳವೆಗಳನ್ನು ಕೀಳಿಸಿ ಗುಜರಿಗೆ ಮಾರಿದನು. ೧೮೭೯ರಲ್ಲಿ ಬೆಂಜಮಿನ್ ರಫ್ ಎಂಬವನು ಅವನಿಂದ ಕೊಂಡು, ಪಿಟ್ಸ್‌ಬರ್ಗಿನ ಧನಿಕರನ್ನು ಕೂಡಿಸಿ 'ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್' ಎಂಬ ಸಂಘವನ್ನು ಸ್ಥಾಪಿಸಿದನು. ಉಕ್ಕಿನ ದೊರೆಯೆನಿಸಿದ ಆಂಡ್ರೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಮುಂದೆ ದೇಶದ ಅರ್ಥಸಚಿವನಾದ ಆಂಡ್ರೂ ಮೆಲನ್ ಮುಂತಾದವರು ಅದರ ಸದಸ್ಯರು. ಒಟ್ಟು ಸದಸ್ಯರು ಅರವತ್ತರ ಆಸುಪಾಸು.

ಕ್ಲಬ್ಬಿನವರು ಒಡೆದ ಭಾಗವನ್ನು ಕಲ್ಲು, ಮಣ್ಣು, ಮರದ ಕೊಂಬೆ, ಹುಲ್ಲು, ಗೊಬ್ಬರಗಳಿಂದ ತುಂಬಿಸಿದರು. ಕಿತ್ತುಹೋದ ಕೊಳವೆಗಳ ಸ್ಥಳದಲ್ಲಿ ಹೊಸ ಕೊಳವೆಗಳನ್ನು ಇಡಲಿಲ್ಲ, ತೂಬು ಇಲ್ಲವಾಯಿತು. ಏರಿಯ ಮೇಲೆ ಸಾರೋಟುಗಳು ಎದುರುಬದುರಾಗಿ ಹೋಗಲು ಅನುಕೂಲವಾಗಲೆಂದು ನೆತ್ತಿಯನ್ನು ಮೂರು ಅಡಿಯವರೆಗೆ ತಗ್ಗಿಸಿ ಅಗಲ ಮಾಡಿದರು. ಸರೋವರಕ್ಕೆ ತಂದು ಬಿಟ್ಟ ಬೆಲೆಬಾಳುವ ಮೀನುಗಳು ಕೋಡಿಯ ಮೂಲಕ ತಪ್ಪಿಸಿಕೊಂಡು ಹೋಗದಂತೆ ಅಲ್ಲಿ ಕಬ್ಬಿಣದ ಜಾಲರಿಗಳನ್ನು ನಿಲ್ಲಿಸಿದರು. ತುಂಬಿದ ಭಾಗವು ಕ್ರಮೇಣ ಕುಸಿದು ಏರಿಯ ನಡುವೆ ತಗ್ಗು ಬಿತ್ತು. ಒಂದೊಂದು ಬದಲಾವಣೆಯನ್ನೂ ಬೇರೆಯಾಗಿ ನೋಡಿದರೆ ಅಲ್ಪವೆಂದೇ ತೋರಬಹುದು. ಎಲ್ಲವನ್ನೂ ಒಟ್ಟುಗೂಡಿಸಿದರೆ, ತೂಬು ಹೋಯಿತು, ಕೋಡಿ ಕಿರಿದಾಯಿತು, ಏರಿ ತಗ್ಗಿತು. ಹೀಗೆ ನೀರು ಹೊರಹೋಗುವ ದಾರಿಗಳೆಲ್ಲ ಕುಗ್ಗಿ, ಕಡೆಗೆ ಏರಿಯ ನಡುವಣ ತಗ್ಗೇ ಉಳಿಯಿತು. ಇಂಥ ಬದಲಾವಣೆಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಕಟ್ಟೆಗಳನ್ನು ಪರೀಕ್ಷಿಸುವ ಅಧಿಕಾರಿಯೆಂಬವನು ಆ ರಾಜ್ಯದಲ್ಲಿ ಇರಲೇ ಇಲ್ಲ.

೩. ಒಂದು ತಪಾಸಣೆ ಮತ್ತು ಅದರ ಗತಿ

ಅಪಾಯವು ಯಾರಿಗೂ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಜಾನ್ಸ್‌ಟೌನಿನ ದೊಡ್ಡ ಉದ್ಯಮ ಕೇಂಬ್ರಿಯ ಕಬ್ಬಿಣದ ಕಂಪನಿ. ಅದರ ಮುಖ್ಯಸ್ಥ ಡೇನಿಯಲ್ ಮೊರೆಲ್ ೧೮೮೦ರಲ್ಲಿ ತನ್ನ ಕಂಪನಿಯ ಜಾನ್ ಫುಲ್ಟನ್ ಎಂಬ ಎಂಜಿನಿಯರನನ್ನು ಕಟ್ಟೆ ನೋಡಿಬರಲು ಕಳುಹಿಸಿದನು. ಫುಲ್ಟನ್ ಎರಡು ಮುಖ್ಯ ದೋಷಗಳನ್ನು ತೋರಿಸಿ ವರದಿ ಕೊಟ್ಟನು: ನೀರನ್ನು ಇಳಿಸಿ ರಿಪೇರಿ ಮಾಡಲು ತಳದ ಕೊಳವೆಯಿಲ್ಲ, ಆಗಿರುವ ರಿಪೇರಿ ಭದ್ರವಾಗಿಲ್ಲ, ನೀರು ಜಿನುಗುತ್ತಿದೆ. ಜಿನುಗುವಿಕೆಯನ್ನು ಪೋರುಮಾಮಿಳ್ಳದ ಶಾಸನವು ಐದು ಶತಮಾನಗಳ ಹಿಂದೆಯೇ ದೋಷವೆಂದು ಎಣಿಸಿದ್ದುದನ್ನು ಇಲ್ಲಿ ಸ್ಮರಿಸಬಹುದು.

ರಫ್ ಈ ವರದಿಯನ್ನು ತಳ್ಳಿಹಾಕಿ, ಕೆಳಗಿನವರಿಗೆ ಯಾವ ಭಯವೂ ಇಲ್ಲವೆಂದು ಉತ್ತರ ಬರೆದನು. ಮೊರೆಲ್ ಸುಮ್ಮನಾಗದೆ, ಕಟ್ಟೆಯನ್ನು ಬಲಪಡಿಸುವ ಖರ್ಚಿನಲ್ಲಿ ತನ್ನ ಕಂಪನಿಯು ಪಾಲು ಕೊಡುವುದೆಂದು ತಿಳಿಸಿದನು. ಅದನ್ನೂ ಕ್ಲಬ್ಬು ಒಪ್ಪಲಿಲ್ಲ. ಬಳಿಕ ಮೊರೆಲ್ ತಾನೇ ಕ್ಲಬ್ಬಿನ ಸದಸ್ಯನಾದನು. ೧೮೮೫ರಲ್ಲಿ ಅವನೂ ೧೮೮೭ರಲ್ಲಿ ರಫ್‌ನೂ ತೀರಿಕೊಂಡರು. ಅವರೊಡನೆ ಆ ಪತ್ರವ್ಯವಹಾರವೂ ಮುಗಿಯಿತು.

ಇಲ್ಲಿ ವಿಚಾರಮಾಡತಕ್ಕ ಅಂಶವೊಂದಿದೆ. ಊರಿನ ಅತ್ಯಂತ ಪ್ರಬಲನಾದ ಉದ್ಯಮಿ, ಅವನ ಕೈಕೆಳಗೆ ತಜ್ಞ, ತಜ್ಞನ ಲಿಖಿತ ವರದಿ, ಖರ್ಚಿಗೆ ಹಣ, ಇಷ್ಟೆಲ್ಲ ಇದ್ದೂ ಒಂದು ಕೊಳವೆಯನ್ನು ಇಡಿಸಲಾಗಲಿಲ್ಲ. ಕಾರಣ ಸ್ಪಷ್ಟ. ಮೊರೆಲ್ ಕೇಳಬಹುದಾಗಿತ್ತು, ಆಜ್ಞಾಪಿಸುವಂತಿರಲಿಲ್ಲ. ಕ್ಲಬ್ಬಿನ ಸನ್ನದು ಪಿಟ್ಸ್‌ಬರ್ಗ್ ಇರುವ ಅಲೆಘೆನಿ ಕೌಂಟಿಯಲ್ಲಿ ಪಡೆದದ್ದು. ಕಟ್ಟೆಯೂ ಅದರ ಕೆಳಗಿನ ಜನವಸತಿಯೂ ಇದ್ದದ್ದು ಕೇಂಬ್ರಿಯ ಕೌಂಟಿಯಲ್ಲಿ. ಯಜಮಾನರು ಒಂದು ಸೀಮೆಯವರು, ಅಪಾಯಕ್ಕೆ ಗುರಿಯಾದವರು ಇನ್ನೊಂದು ಸೀಮೆಯವರು. ಗಡಿಯ ಕೆರೆ ದೋಷವುಳ್ಳದ್ದೆಂದ ಶಾಸನಕಾರನ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ?

ಜನರಾದರೂ ಏನು ಮಾಡಿದರು? ಪ್ರತಿ ವಸಂತದ ಮಳೆಯಲ್ಲಿಯೂ ಕಟ್ಟೆ ಒಡೆಯುತ್ತದೆಂಬ ಸುದ್ದಿ ಹುಟ್ಟುತ್ತಿತ್ತು, ಕಟ್ಟೆ ಒಡೆಯುತ್ತಿರಲಿಲ್ಲ. ವರ್ಷವರ್ಷವೂ ಹೀಗಾಗಿ ಸುದ್ದಿಯು ನಗೆಚಾಟಿಕೆಯ ವಸ್ತುವಾಯಿತು. ಹುಲಿ ಬಂತೆಂದು ಕೂಗಿದ ಹುಡುಗನ ಕಥೆಯಲ್ಲಿ ಹುಡುಗ ಸುಳ್ಳುಗಾರ. ಇಲ್ಲಿ ಮಾತ್ರ ಕೂಗಿದವರು ಸುಳ್ಳುಗಾರರಾಗಿರಲಿಲ್ಲ.

೪. ೧೮೮೯ರ ಮೇ ೩೧

ಮೇ ೩೦ರ ರಾತ್ರಿ ಆ ಸೀಮೆಯಲ್ಲಿ ಭಾರಿ ಮಳೆ ಸುರಿಯಿತು. ಒಂದು ದಿನದೊಳಗೆ ಆರರಿಂದ ಹತ್ತು ಅಂಗುಲ ಬಿದ್ದಿತೆಂದು ಅಂದಾಜು. ಬೆಳಗಾಗುವ ವೇಳೆಗೆ ಸರೋವರದ ನೀರು ಏರಿಯ ನೆತ್ತಿಯ ಸಮೀಪಕ್ಕೆ ಬಂದಿತ್ತು. ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಉಂಗರ್ ಆಳುಗಳನ್ನು ಕೂಡಿಸಿದನು. ಕೆಲವರು ಏರಿಯ ಮೇಲೆ ಮಣ್ಣು ಏರಿಸಿದರು. ಕೆಲವರು ಇನ್ನೊಂದು ತುದಿಯಲ್ಲಿ ಹೊಸ ಕೋಡಿಯನ್ನು ಅಗೆಯಲು ಹೋದರು, ಗಟ್ಟಿ ನೆಲ ಅಡ್ಡ ಬಂತು. ಕೋಡಿಯ ಜಾಲರಿಗಳಿಗೆ ಕಸಕಡ್ಡಿ, ಮರದ ತುಂಡುಗಳು ಸಿಕ್ಕಿಕೊಂಡು ದಾರಿ ಕಟ್ಟಿತ್ತು. ಅವನ್ನು ಕೀಳಲು ಮನಸ್ಸು ಮಾಡಿದಾಗ ಹೊತ್ತು ಮೀರಿತ್ತು. ತೂಬು ಇದ್ದಿದ್ದರೆ ಹಿಂದಿನ ರಾತ್ರಿಯೇ ತೆರೆಯಬಹುದಾಗಿತ್ತು. ಜಾನ್ ಪಾರ್ಕ್ ಎಂಬ ತರುಣ ಎಂಜಿನಿಯರು ಕುದುರೆಯೇರಿ ಸೌತ್ ಫೋರ್ಕ್ ಹಳ್ಳಿಗೆ ಹೋಗಿ, ಕೆಳಗಿನ ಊರುಗಳಿಗೆ ತಂತಿ ಕೊಡಲು ಹೇಳಿದನು. ಮಳೆಗೆ ತಂತಿಗಳು ಅಲ್ಲಲ್ಲಿ ಕಡಿದಿದ್ದುವು. ತಲುಪಿದ ಎಚ್ಚರಿಕೆಯೂ ಪ್ರತಿವರ್ಷದ ಸುದ್ದಿಯೆಂದು ಬದಿಗಿಡಲ್ಪಟ್ಟಿತು.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಏರಿಯು ನಡುವಿನಲ್ಲಿ ಒಡೆಯಿತು. ಎರಡು ಕೋಟಿ ಟನ್ನಿನಷ್ಟು ನೀರು ಇಕ್ಕಟ್ಟಾದ ಕಣಿವೆಯಲ್ಲಿ ಇಳಿಯಿತು. ಈಸ್ಟ್ ಕಾನೆಮಾದ ಬಳಿ ಜಾನ್ ಹೆಸ್ ಎಂಬ ರೈಲು ಚಾಲಕನು ಎಂಜಿನ್ನಿನ ಸಿಳ್ಳನ್ನು ಕಟ್ಟಿಹಾಕಿ, ಅದು ಬಿಡದೆ ಕೂಗುತ್ತಿರುವಂತೆ ಮಾಡಿ ಗಾಡಿ ಓಡಿಸಿದನು. ಅದನ್ನು ಕೇಳಿ ಹಲವರು ಗುಡ್ಡವೇರಿ ಬದುಕಿದರು. ನಾಲ್ಕು ಗಂಟೆ ಏಳು ನಿಮಿಷಕ್ಕೆ ಪ್ರವಾಹವು ಜಾನ್ಸ್‌ಟೌನನ್ನು ಹೊಕ್ಕಿತು. ಕೊಚ್ಚಿಕೊಂಡು ಬಂದ ಮನೆ, ಮರ, ಗಾಡಿ, ತಂತಿಗಳೆಲ್ಲ ಊರಿನ ಕೆಳಗಿನ ಕಲ್ಲಿನ ರೈಲು ಸೇತುವೆಗೆ ಒತ್ತಿಕೊಂಡು ಬೆಟ್ಟದಂತೆ ನಿಂತುವು. ಅದರಲ್ಲಿ ಸಿಕ್ಕಿಕೊಂಡವರು ಇನ್ನೂ ಜೀವದಿಂದಿರುವಾಗಲೇ ರಾಶಿಗೆ ಬೆಂಕಿ ಹತ್ತಿತು.

ಸತ್ತವರು ೨,೨೦೯. ಅವರಲ್ಲಿ ಮಕ್ಕಳು ೩೯೬. ೯೯ ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ. ೭೫೦ಕ್ಕೂ ಹೆಚ್ಚು ಶವಗಳ ಗುರುತೇ ಸಿಕ್ಕಲಿಲ್ಲ. ಅವರನ್ನು ಊರಿನ ಮೇಲಣ ಗ್ರ್ಯಾಂಡ್‌ವ್ಯೂ ಸ್ಮಶಾನದಲ್ಲಿ ಹೆಸರಿಲ್ಲದ ಕಲ್ಲುಗಳ ಕೆಳಗೆ ಹೂಳಿದರು.

೫. ಹೊಣೆಯ ಪ್ರಶ್ನೆ

ಕ್ಲಬ್ಬಿನ ಮೇಲೆ ಮೊಕದ್ದಮೆಗಳಾದುವು; ಒಂದೂ ಗೆಲ್ಲಲಿಲ್ಲ. ಪ್ರವಾಹವು ದೈವಕೃತವೆಂಬುದು ಪ್ರತಿವಾದ. ಅಲ್ಲದೆ ಸಂಘಕ್ಕೆ ಸರೋವರ, ವಸತಿಗೃಹಗಳ ಹೊರತು ಹೇಳಿಕೊಳ್ಳುವ ಆಸ್ತಿಯಿರಲಿಲ್ಲ. ಸದಸ್ಯರ ಸ್ವಂತ ಐಶ್ವರ್ಯವು ಸಂಘದ ಸಾಲಕ್ಕೆ ಒಳಪಡಲಿಲ್ಲ. ಸದಸ್ಯರಲ್ಲಿ ಕೆಲವರು ಪರಿಹಾರ ನಿಧಿಗೆ ಹಣ ಕೊಟ್ಟರು. ಕಾರ್ನೆಗಿಯು ಊರಿಗೆ ಹೊಸ ಪುಸ್ತಕಭಂಡಾರವನ್ನು ಕಟ್ಟಿಸಿಕೊಟ್ಟನು. ಅದು ದಾನವಾಗಿ ಬಂತು, ಋಣವಾಗಿ ಬರಲಿಲ್ಲ.

ಇಂಗ್ಲೆಂಡಿನಲ್ಲಿ ೧೮೬೮ರಲ್ಲಿಯೇ ರೈಲೆಂಡ್ಸ್ ಮೊಕದ್ದಮೆಯಲ್ಲಿ ಬೇರೆ ತತ್ತ್ವವೊಂದು ಸ್ಥಾಪಿತವಾಗಿತ್ತು. ಗಿರಣಿಯ ಯಜಮಾನನೊಬ್ಬನು ಕಟ್ಟಿಸಿದ ಜಲಾಶಯದ ನೀರು ಹಳೆಯ ಗಣಿಬಾವಿಗಳ ಮೂಲಕ ನೆರೆಯವನ ಕಲ್ಲಿದ್ದಲ ಗಣಿಗೆ ನುಗ್ಗಿತು. ಅಪಾಯಕರವಾದುದನ್ನು ತನ್ನ ನೆಲದಲ್ಲಿ ತಂದು ಕೂಡಿಟ್ಟವನು, ಅದು ತಪ್ಪಿಸಿಕೊಂಡು ಹಾನಿ ಮಾಡಿದರೆ, ಅಲಕ್ಷ್ಯವು ರುಜುವಾತಾಗದಿದ್ದರೂ ನಷ್ಟ ತುಂಬಿಕೊಡಬೇಕೆಂದು ಆಗ ತೀರ್ಪಾಯಿತು. ಪೆನ್ಸಿಲ್ವೇನಿಯದ ಉಚ್ಚ ನ್ಯಾಯಾಲಯವು ೧೮೮೬ರಲ್ಲಿ ಈ ತತ್ತ್ವವನ್ನು ನಿರಾಕರಿಸಿತ್ತು. ಜಾನ್ಸ್‌ಟೌನಿನ ಪ್ರಳಯದ ತರುವಾಯ ಅಮೆರಿಕದ ಹಲವು ರಾಜ್ಯಗಳ ನ್ಯಾಯಾಲಯಗಳು ಅದರ ಕಡೆಗೆ ವಾಲಿದುವು. ಸತ್ತವರಿಗೆ ದೊರೆಯದ ನ್ಯಾಯವು ಮುಂದಿನವರಿಗೆ ಸ್ವಲ್ಪ ದೊರೆಯಿತೆನ್ನಬಹುದು.

ತಜ್ಞರ ಅಭಿಪ್ರಾಯವೂ ಕಾಲಕ್ರಮದಲ್ಲಿ ಬದಲಾಯಿತು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು ನೇಮಿಸಿದ ಸಮಿತಿಯ ವರದಿ ೧೮೯೧ರಲ್ಲಿ ಪ್ರಕಟವಾಯಿತು. ಮೊದಲಿದ್ದಂತೆಯೇ ಕಟ್ಟೆ ಇದ್ದಿದ್ದರೂ ಆ ಮಳೆಗೆ ನೀರು ನೆತ್ತಿಯ ಮೇಲೆ ಹತ್ತುತ್ತಿತ್ತೆಂದು ಅದರ ನಿರ್ಣಯ. ಸವಾ ಶತಮಾನದ ಬಳಿಕ, ೨೦೧೬ರಲ್ಲಿ, ನೀಲ್ ಕೋಲ್ಮನ್ ಮತ್ತು ಅವರ ಸಂಗಡಿಗರು ಕಣಿವೆಯನ್ನು ಹೊಸದಾಗಿ ಅಳೆದು ಲೆಕ್ಕ ಹಾಕಿದರು. ನೆತ್ತಿಯನ್ನು ತಗ್ಗಿಸಿದ್ದರಿಂದ ಕಟ್ಟೆಯು ಸುರಕ್ಷಿತವಾಗಿ ಹೊರಬಿಡಬಲ್ಲ ನೀರಿನ ಪ್ರಮಾಣವು ಬಹಳವಾಗಿ ಕುಗ್ಗಿತ್ತೆಂದೂ, ಮೂಲರೂಪದ ಕಟ್ಟೆಯಾಗಿದ್ದರೆ ಅಂದಿನ ಪ್ರವಾಹವನ್ನು ತಡೆದುಕೊಳ್ಳುತ್ತಿತ್ತೆಂದೂ ಅವರು ತೋರಿಸಿದರು. ಪೂರ್ವನಿರ್ಣಯವನ್ನು ಮರುಪರಿಶೀಲಿಸಲು ಎಂದೂ ಹೊತ್ತು ಮೀರಿರುವುದಿಲ್ಲವೆಂಬುದಕ್ಕೆ ಇತಿಹಾಸದ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಉದಾಹರಣೆ.

೬. ಇನ್ನೊಂದು ಕಟ್ಟೆ

ಸೌತ್ ಫೋರ್ಕಿನ ಕಥೆಯನ್ನು ಮೇಲಿನ ಶ್ರೀಮಂತರು, ಕೆಳಗಿನ ಬಡವರು ಎಂದಿಷ್ಟಕ್ಕೇ ಮುಗಿಸುವ ವಾಡಿಕೆಯುಂಟು. ಅದರಲ್ಲಿ ಸತ್ಯವಿದ್ದರೂ ಪೂರ್ಣ ಸತ್ಯವಿಲ್ಲ. ಜಾರ್ಜಿಯ ರಾಜ್ಯದ ಟೊಕೋವ ಜಲಪಾತದ ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಎಂಬ ಚಿಕ್ಕ ಕಟ್ಟೆಯಿತ್ತು. ಎತ್ತರ ಸುಮಾರು ೪೦ ಅಡಿ. ಕೆಳಗಿದ್ದ ಬೈಬಲ್ ಕಾಲೇಜೊಂದು ಅದರ ಒಡೆಯ. ೧೯೫೭ರವರೆಗೆ ಅದರಿಂದ ವಿದ್ಯುತ್ತನ್ನು ಪಡೆಯುತ್ತಿದ್ದು, ಆಮೇಲೆ ಸರೋವರವನ್ನು ವಿಹಾರಕ್ಕೆಂದು ಉಳಿಸಿಕೊಂಡರು. ೧೯೭೭ರ ನವೆಂಬರ್ ೬ರಂದು ನಡುರಾತ್ರಿ ಕಳೆದ ಮೇಲೆ, ಮಳೆಗೆ ನೆನೆದ ಆ ಕಟ್ಟೆ ಒಡೆದು ೩೯ ಜನ ಸತ್ತರು. ಅವರು ಕಾಲೇಜಿನವರೇ, ಮನೆಗಳಲ್ಲಿ ಮಲಗಿದ್ದವರು.

ಇಲ್ಲಿ ಒಡೆಯರೂ ಅಪಾಯಕ್ಕೆ ಈಡಾದವರೂ ಒಂದೇ ಸಮುದಾಯ. ಆದ್ದರಿಂದ ದ್ರವ್ಯದ ಅಹಂಕಾರವೊಂದೇ ಕಾರಣವೆನ್ನುವಂತಿಲ್ಲ. ಎರಡೂ ಕಡೆ ಸಮಾನವಾಗಿರುವುದು ಇನ್ನೊಂದು. ಕಟ್ಟೆಯು ಒಂದು ಕೆಲಸಕ್ಕಾಗಿ ಹುಟ್ಟಿತು. ಆ ಕೆಲಸ ಮುಗಿಯಿತು. ಬಳಿಕ ಅದು ನೋಟಕ್ಕೆ, ವಿನೋದಕ್ಕೆ ಉಳಿಯಿತು. ಕಾಲುವೆ ನಡೆಯಬೇಕಾದರೆ ದಿನವೂ ಒಬ್ಬನು ತೂಬಿನ ಬಳಿ ಇರಬೇಕು. ಯಂತ್ರ ತಿರುಗಬೇಕಾದರೆ ಒಬ್ಬನು ನೀರಿನ ಮಟ್ಟ ನೋಡಬೇಕು. ಗದ್ದೆಗೆ ನೀರು ಬೇಕಾದ ರೈತನು ಏರಿಯ ಮೇಲೆ ಓಡಾಡಿ ಇಲಿಬಿಲವನ್ನೂ ಕಾಣುತ್ತಾನೆ. ವಿಹಾರದ ಸರೋವರಕ್ಕೆ ಇಂಥ ದಿನದಿನದ ಕಣ್ಣು ಇರುವುದಿಲ್ಲ. ನೀರು ತುಂಬಿ ನಿಂತಿದ್ದರೆ ಸರಿ, ಅದು ಸುಂದರವಾಗಿಯೇ ಕಾಣುತ್ತದೆ. ಆದುದರಿಂದ ಬಳಕೆಯು ಮಾಡುತ್ತಿದ್ದ ಕಾವಲನ್ನು ಕಾನೂನು ಮಾಡಬೇಕಾಗುತ್ತದೆ.

೭. ಕಾನೂನಿನ ನಡಿಗೆ

ಈ ಕಾನೂನು ಪ್ರತಿಯೊಂದು ಹೆಜ್ಜೆಯನ್ನೂ ಒಂದೊಂದು ಅನಾಹುತದ ಬಳಿಕವೇ ಇಟ್ಟಿದೆ. ೧೯೧೧ರಲ್ಲಿ ಪೆನ್ಸಿಲ್ವೇನಿಯದ ಆಸ್ಟಿನ್ ಎಂಬಲ್ಲಿ ಕಾಗದದ ಕಾರಖಾನೆಯ ಕಟ್ಟೆ ಒಡೆದು ೭೮ ಜನ ಸತ್ತರು. ೧೯೧೩ರಲ್ಲಿ ಆ ರಾಜ್ಯದಲ್ಲಿ ಕಟ್ಟೆಗಳ ಮೇಲೆ ಸರಕಾರದ ನಿಯಂತ್ರಣ ಬಂತು. ಬ್ರಿಟನ್ನಿನ ವೇಲ್ಸ್ ಸೀಮೆಯ ಡಾಲ್ಗಾರೋಗಿನಲ್ಲಿ ೧೯೨೫ರಲ್ಲಿ ೧೬ ಜನ ಸತ್ತರು. ೧೯೩೦ರಲ್ಲಿ ಜಲಾಶಯಗಳ ಕಾಯಿದೆಯಾಯಿತು. ೧೯೭೨ರಲ್ಲಿ ಪಶ್ಚಿಮ ವರ್ಜೀನಿಯದ ಬಫೆಲೊ ಕ್ರೀಕಿನಲ್ಲಿ ಗಣಿಯ ಕಟ್ಟೆಗಳು ಒಡೆದು ೧೨೫ ಜನ ಸತ್ತ ಬಳಿಕ ದೇಶದ ಕಟ್ಟೆಗಳ ತಪಾಸಣೆಗೆ ಕಾಯಿದೆ ಬಂತು, ಹಣ ಬರಲಿಲ್ಲ. ಟೊಕೋವದ ೩೯ ಸಾವುಗಳಾದ ಮೇಲೆ, ಜಾರ್ಜಿಯದವರೇ ಆದ ಅಧ್ಯಕ್ಷ ಕಾರ್ಟರ್ ಆಜ್ಞೆ ಮಾಡಿದರು. ನಾಲ್ಕು ವರ್ಷಗಳಲ್ಲಿ ಸುಮಾರು ೯,೦೦೦ ಕಟ್ಟೆಗಳ ತಪಾಸಣೆ ನಡೆದು, ಹೆಚ್ಚುಕಡಮೆ ಮೂರರಲ್ಲಿ ಒಂದು ಕ್ಷೇಮಕರವಲ್ಲವೆಂದು ಗೊತ್ತಾಯಿತು. ಆ ದೇಶದ ಪಟ್ಟಿಯಲ್ಲಿ ಇಂದು ೯೦,೦೦೦ಕ್ಕೂ ಹೆಚ್ಚು ಕಟ್ಟೆಗಳಿವೆ. ಅರ್ಧಕ್ಕಿಂತ ಹೆಚ್ಚು ಖಾಸಗಿಯವರವು.

ನಮ್ಮ ದೇಶದಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆಯು ೨೦೨೧ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ೧೫ ಮೀಟರಿಗಿಂತ ಎತ್ತರವಾದ ಕಟ್ಟೆಗಳೂ, ೧೦ರಿಂದ ೧೫ ಮೀಟರಿನೊಳಗಿನವುಗಳಲ್ಲಿ ಉದ್ದ, ನೀರಿನ ಸಂಗ್ರಹ ಮುಂತಾದ ಲಕ್ಷಣಗಳಿಂದ ದೊಡ್ಡವೆನಿಸಿದವುಗಳೂ ಅದಕ್ಕೆ ಒಳಪಡುತ್ತವೆ. ಒಡೆಯನು ಸರಕಾರವಿರಲಿ, ಕಂಪನಿಯಿರಲಿ, ಮಳೆಗಾಲದ ಮುಂಚೆಯೂ ಆಮೇಲೂ ಪರೀಕ್ಷೆ ಮಾಡಿಸತಕ್ಕದ್ದು. ತುರ್ತುಸಮಯದ ಯೋಜನೆಯನ್ನು ಸಿದ್ಧವಾಗಿಡತಕ್ಕದ್ದು. ಸೌತ್ ಫೋರ್ಕ್ ಕಟ್ಟೆ ಸುಮಾರು ೨೨ ಮೀಟರ್. ಅದು ಇಲ್ಲಿದ್ದಿದ್ದರೆ ಈ ಕಾಯಿದೆಯ ಕೈಗೆ ಸಿಕ್ಕುತ್ತಿತ್ತು. ಹತ್ತು ಮೀಟರಿಗಿಂತ ತಗ್ಗಿನವು ಸಿಕ್ಕುವುದಿಲ್ಲ. ಸಣ್ಣ ಕಟ್ಟೆಯ ಕೆಳಗೆ ಮಲಗಿರುವವನ ಪ್ರಾಣವು ಮಾತ್ರ ಸಣ್ಣದಲ್ಲ.

ಇಂಥಲ್ಲಿ ಅಧ್ಯಾಪಕರಾದ ನಾವು ಮಾಡಬಹುದಾದ ಕೆಲಸವೊಂದಿದೆ. ಸ್ಥಳೀಯ ಇತಿಹಾಸವನ್ನು ಸಂಗ್ರಹಿಸುವಾಗ ಕೆರೆಯ ಶಾಸನವನ್ನು ಓದುವಷ್ಟೇ ಆಸ್ಥೆಯಿಂದ ಕೆರೆಯ ಇಂದಿನ ಸ್ಥಿತಿಯನ್ನೂ ಬರೆದಿಡಬೇಕು. ತೋಟದ ಕೊಳವಿರಲಿ, ವಿಹಾರಧಾಮದ ಸರೋವರವಿರಲಿ, ಹಳೆಯ ಕುಂಟೆಯಿರಲಿ, ಕೇಳತಕ್ಕ ಪ್ರಶ್ನೆಗಳು ಕೆಲವೇ. ಇದನ್ನು ಯಾರು, ಯಾವುದಕ್ಕಾಗಿ ಕಟ್ಟಿಸಿದರು? ಇಂದು ಯಾರ ಕೈಯಲ್ಲಿದೆ, ಯಾವುದಕ್ಕೆ ಬಳಕೆಯಾಗುತ್ತಿದೆ? ಕೋಡಿ ಎಲ್ಲಿದೆ, ಅದಕ್ಕೆ ಬಲೆ, ಜಾಲರಿ, ಗೋಡೆಗಳು ಅಡ್ಡವಿವೆಯೆ? ತೂಬು ತೆರೆಯುತ್ತದೆಯೆ? ಏರಿಯ ನೆತ್ತಿಯಲ್ಲಿ ತಗ್ಗು ಬಿದ್ದಿದೆಯೆ, ಬುಡದಲ್ಲಿ ನೀರು ಜಿನುಗುತ್ತಿದೆಯೆ? ಕೆಳಗೆ ಎಷ್ಟು ಮನೆಗಳಿವೆ, ರಾತ್ರಿ ಹೊತ್ತಿನಲ್ಲಿ ಅವರನ್ನು ಎಬ್ಬಿಸುವವರು ಯಾರು? ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ರಜಾದಿನದಲ್ಲಿ ಮುಗಿಸಬಹುದಾದ ಕೆಲಸವಿದು. ಉತ್ತರಗಳನ್ನು ಬರೆದ ಕಾಗದದ ಒಂದು ಪ್ರತಿ ಶಾಲೆಯಲ್ಲಿರಲಿ. ಇನ್ನೊಂದು ಪಂಚಾಯತಿಗೆ, ಮತ್ತೊಂದು ತಾಲ್ಲೂಕು ಕಚೇರಿಗೆ ಹೋಗಲಿ. ಕೊಟ್ಟದ್ದಕ್ಕೆ ರಸೀತಿಯನ್ನೂ ಪಡೆಯಬೇಕು. ಫುಲ್ಟನನ ವರದಿ ಯಜಮಾನನ ಕೈ ಸೇರಿ ಅಲ್ಲಿಯೇ ನಿಂತುಹೋಯಿತು. ನಮ್ಮ ಹುಡುಗರ ವರದಿ ಹಾಗೆ ಒಬ್ಬರ ಕೈಯಲ್ಲಿಯೇ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮಿಂದ ಸಾಧ್ಯ.